ಕೆಂಪು ಹಿಡಿ, ಹಳದಿ ಬಿಡು

ನಮ್ಮ ಭಾವನ ಕೈಯಿಂದ ಏನಾದರೂ ಜಾರಿದರೆ ಅವರು ಅದನ್ನು ಹಿಡಿಯಲು ಹೋಗುವುದಿಲ್ಲ. ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ಎರಡೂ ಕೈ ಮೇಲೆತ್ತಿ ಹಿಂದೆ ಸರಿದು ನಿಲ್ಲುತ್ತಾರೆ. ಜಾರಿದ್ದು ಲೋಟವಾಗಲಿ, ಬಾಚಣಿಗೆಯಾಗಲಿ, ಸೋಪಾಗಲಿ, ಅದು ನೆಲಕ್ಕೆ ಬಿದ್ದು ತನ್ನ ಪಾಡಿಗೆ ಉರುಳಿ ಸುಮ್ಮನಾಗುವ ತನಕ ಎತ್ತಿದ ಕೈ ಇಳಿಸುವುದಿಲ್ಲ. ಹೊರಗಿನವರು ಯಾರಾದರೂ ನೋಡಿದರೆ ಪಾಪ, ಇವರಿಗೇನೋ ಆಗಿದೆ ಅಂದುಕೊಳ್ಳಬೇಕು. ಆಗಿರುವುದು ಇಷ್ಟೇ, ಅವರು ಗಾಜಿನ ಅಂಗಡಿಯಲ್ಲಿ ಹುಟ್ಟಿ ಬೆಳೆದವರು.

ಗಾಜಿನ ಕೆಲಸದಲ್ಲಿ ಕಲಿಸುವ ಮೊದಲ ಪಾಠವೇ ಇದು. ಆಳೆತ್ತರದ ಗಾಜು ಕೈ ಜಾರಿತು ಅಂದರೆ ಹಿಡಿಯಲು ಹೋಗಬಾರದು. ಹೋದರೆ ಗಾಜಿನ ಜೊತೆ ಬೆರಳೂ ಹೋಗುತ್ತದೆ. ಬಿಟ್ಟುಬಿಡಬೇಕು, ಕೈ ಎತ್ತಬೇಕು, ಹಿಂದೆ ಸರಿಯಬೇಕು. ಭಾವನ ಅಪ್ಪ ಊಟಕ್ಕೆ ಕೂತಾಗ ಬೇಕೆಂದೇ ಚಮಚ ಬೀಳಿಸಿ, ಮಗ ಕೈ ಚಾಚಿದರೆ ಬೆರಳಿನ ಗೆಣ್ಣಿನ ಮೇಲೆ ಒಂದು ಕೊಡುತ್ತಿದ್ದರಂತೆ. ಹಾಗೆ ಏಟು ತಿಂದು ತಿಂದು ಭಾವನ ಕೈಗೆ ಬುದ್ಧಿ ಬಂತು. ಮದುವೆಯಾಗಿ ಬಂದ ನಮ್ಮಕ್ಕನಿಗೆ ಯಾರೂ ಹೊಡೆಯಲಿಲ್ಲ, ಆದರೂ ನೋಡಿ ನೋಡಿ ಅವಳಿಗೂ ಬಂತು. ಬೇರೆಲ್ಲೂ ನೆಲೆ ನಿಲ್ಲದೆ ಕೊನೆಗೆ ಭಾವನ ಅಂಗಡಿಯಲ್ಲೇ ಠಿಕಾಣಿ ಹೂಡಿದ ನನಗೂ ಬಂತು. ಈಗ ಆ ಮನೆಯಲ್ಲಿ ಒಂದು ಚಮಚ ಬಿದ್ದರೆ ಮೂರು ಜನ ಒಟ್ಟಿಗೆ ಶರಣಾಗುತ್ತೇವೆ.

ಈ ಅಭ್ಯಾಸದ ಬಗ್ಗೆ ಮನೆಯಲ್ಲಿ ಒಂದು ಹಳೆಯ ಕಥೆಯಿದೆ. ಅಕ್ಕನ ಮಗಳು ಆಗ ತಾನೇ ನಡೆಯಲು ಕಲಿಯುತ್ತಿದ್ದಳು. ಒಂದು ದಿನ ಅಪ್ಪನನ್ನು ನೋಡಿ ಕೈ ಚಾಚಿಕೊಂಡು ಓಡಿಬಂದಳು, ಇನ್ನೇನು ತಲುಪಬೇಕು, ಎಡವಿದಳು. ಭಾವ ಎರಡೂ ಕೈ ಎತ್ತಿ ಹಿಂದೆ ಸರಿದರು. ಮಗು ಮುಖ ಅಡಿಯಾಗಿ ಬಿತ್ತು, ಹಣೆ ಊದಿತು. ಅಕ್ಕ ಎಷ್ಟೋ ದಿನ ಗಂಡನ ಜೊತೆ ಮಾತು ಬಿಟ್ಟಿದ್ದಳು. ಆ ಮಗು ಈಗ ಬೇರೆ ಊರಲ್ಲಿ ನರ್ಸ್, ಅವಳಿಗೇ ಎರಡು ಮಕ್ಕಳು. ಬಂದಾಗಲೆಲ್ಲ, ನಾನು ಬಿದ್ದಾಗ ನಮ್ಮಪ್ಪ ದಾರಿ ಬಿಟ್ಟುಕೊಟ್ಟರು ಅಂತ ಹೇಳಿ ಎಲ್ಲರನ್ನೂ ನಗಿಸುತ್ತಾಳೆ. ಭಾವನೂ ನಗುತ್ತಿದ್ದರು. ಆ ನಗು ಒಳಗಿನದೋ ಮೇಲಿನದೋ ಅಂತ ನಾವ್ಯಾರೂ ನೋಡಲು ಹೋಗಲಿಲ್ಲ.

ಭಾವನ ಅಂಗಡಿ ಉದ್ದಕ್ಕೆ, ಕಿರಿದಾಗಿ ಇದೆ. ಎಡಗೋಡೆಗೆ ಮರದ ಸ್ಟ್ಯಾಂಡು, ಅದರಲ್ಲಿ ಒಂದಕ್ಕೊಂದು ಒರಗಿ ನಿಂತ ಗಾಜುಗಳು. ನಡುವೆ ಹಳೇ ಕಂಬಳಿ ಹಾಸಿದ ದೊಡ್ಡ ಮೇಜು. ಮೇಜಿನ ಮೇಲೆ ಮರದ ಸ್ಕೇಲು, ಸೀಮೆಎಣ್ಣೆಯ ಚಿಕ್ಕ ಡಬ್ಬಿ, ಅದರಲ್ಲಿ ತಲೆ ಅದ್ದಿ ನಿಂತ ಗಾಜು ಕೊಯ್ಯುವ ಕಟರ್. ಭಾವ ಆ ಕಟರ್ ಹಿಡಿದು ಸ್ಕೇಲಿನ ಪಕ್ಕ ಒಂದೇ ಸಲ ಎಳೆದರೆ ಸರ್ರನೆ ಸದ್ದು ಬರುತ್ತಿತ್ತು. ಆಮೇಲೆ ಗಾಜನ್ನು ಮೇಜಿನ ಅಂಚಿಗೆ ತಂದು ಸ್ವಲ್ಪ ಒತ್ತಿದರೆ ಸಾಕು, ಗೆರೆಯುದ್ದಕ್ಕೂ ನೀಟಾಗಿ ಬಿಟ್ಟುಕೊಳ್ಳುತ್ತಿತ್ತು. ಎಳೆಯುವಾಗ ನಡುವೆ ನಿಲ್ಲಿಸುವ ಹಾಗಿಲ್ಲ, ಅದೇ ಗೆರೆಯ ಮೇಲೆ ಇನ್ನೊಂದು ಸಲ ಎಳೆಯುವ ಹಾಗೂ ಇಲ್ಲ. ಅನುಮಾನದ ಕೈಗೆ ಗಾಜು ಬಗ್ಗುವುದಿಲ್ಲ.

ಮೇಜಿನ ಆಚೆ, ಸ್ಟ್ಯಾಂಡಿನ ಪಕ್ಕ, ಅಕ್ಕನ ಸ್ಟೂಲು. ಮಧ್ಯಾಹ್ನ ಊಟದ ಡಬ್ಬಿ ತಂದವಳು ಸಂಜೆ ತನಕ ಅಲ್ಲೇ ಕೂತು ಹಳೇ ಪೇಪರ್ ಉಂಡೆ ಮಾಡಿ ಕನ್ನಡಿ ಒರೆಸುತ್ತಿದ್ದಳು. ಒರೆಸುತ್ತ ಅದರಲ್ಲಿ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಳ್ಳುವುದು, ಕನ್ನಡಿಯೊಳಗಿಂದಲೇ ಭಾವನಿಗೆ ಮನೆ ವಾರ್ತೆ ಓದುವುದು, ನನ್ನ ಕೆಲಸದಲ್ಲಿ ತಪ್ಪು ಹುಡುಕುವುದು, ಎಲ್ಲ ಆಗುತ್ತಿತ್ತು. ಮಗಳು ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದುಬಂದಿತ್ತು.

ಆಮೇಲೆ ಒಂದು ಬಟ್ಟೆ ಅಂಗಡಿಯ ಕೆಲಸ ಬಂತು. ಮುಂಭಾಗಕ್ಕೆ ದೊಡ್ಡ ಗಾಜು ಕೂರಿಸಬೇಕಿತ್ತು. ಒಂದು ಕಡೆ ಭಾವ, ಇನ್ನೊಂದು ಕಡೆ ನಾನು ಹಿಡಿದು ಮೇಲಕ್ಕೆತ್ತಿದ್ದೆವು. ಅಕ್ಕ ಊಟದ ಡಬ್ಬಿ ಹಿಡಿದು ಭಾವನ ಪಕ್ಕದಲ್ಲೇ ಬಂದು ನಿಂತಳು. ಗಾಜಿನ ಮೂಲೆ ಚೌಕಟ್ಟಿಗೆ ತಗುಲಿತೋ, ಗಾಜಿನಲ್ಲೇ ಎಲ್ಲೋ ಬಿರುಕಿತ್ತೋ, ಟಪ್ ಅಂದಿತು. ಭಾವ ಕೈ ಎತ್ತಿ ಹಿಂದೆ ಸರಿದರು, ನಾನೂ ಸರಿದೆ. ಪಾಠ ಪಾಠವೇ. ಅಕ್ಕ ಮಾತ್ರ ಎರಡೂ ಕೈಯಲ್ಲಿ ಡಬ್ಬಿ ಹಿಡಿದಿದ್ದಳಲ್ಲ, ನಿಂತಲ್ಲೇ ನಿಂತಳು. ಗಾಜು ಅವಳ ಸುತ್ತ ಬಿತ್ತು. ಒಂದು ಚೂರು ಅವಳ ಚಪ್ಪಲಿಯ ಪಟ್ಟಿಯನ್ನು ಕತ್ತರಿಸಿಕೊಂಡು ಹೋಯಿತು. ಕಾಲಿಗೆ ಒಂದು ಗೀರೂ ಆಗಲಿಲ್ಲ. ಅಕ್ಕ ಚಪ್ಪಲಿ ನೋಡಿ, ಹೇಗೂ ಹೊಸದು ಕೊಡಿಸಿ ಅಂತ ಕೇಳಬೇಕು ಅಂದುಕೊಂಡಿದ್ದೆ ಅಂದಳು. ನಾನು ನಕ್ಕೆ. ಭಾವ ಎತ್ತಿದ ಕೈ ಇಳಿಸಿರಲಿಲ್ಲ.

ಮಾರನೇ ದಿನದಿಂದ ಭಾವ ಭಾವನಾಗಿ ಉಳಿಯಲಿಲ್ಲ. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಕೂತಲ್ಲಿ ಎದೆ ಡವಡವ, ಅಂಗೈ ಬೆವರು. ಮೇಜಿನ ಮುಂದೆ ನಿಂತು ಅಳೆದದ್ದನ್ನೇ ಅಳೆದು, ಕಟರ್ ಎತ್ತಿ, ಗಾಜಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಹಿಡಿದು, ಹಾಗೇ ಇಳಿಸಿಬಿಡುತ್ತಿದ್ದರು. ಮೊದಲ ವಾರದಲ್ಲೇ ಅಕ್ಕನಿಗೆ, ಇನ್ನು ಅಂಗಡಿಗೆ ಬರಬೇಡ ಅಂದರು. ಅಕ್ಕ ಜಗಳ ಆಡಿದಳು, ಅತ್ತಳು, ಕೊನೆಗೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕಳಿಸತೊಡಗಿದಳು. ನಾನು ಒಮ್ಮೆ ಖಾಲಿ ಸ್ಟೂಲಿನ ಮೇಲೆ ಚರ್ಮದ ಗ್ಲೌಸ್ ಬಿಸಾಕಿದೆ. ಭಾವ ಅದನ್ನು ತೆಗೆದು ಮೇಜಿನ ಮೇಲಿಟ್ಟರು.

ಗಾಜು ಕೊಯ್ಯುವ ಜವಾಬ್ದಾರಿ ನನ್ನ ತಲೆಗೆ ಬಂತು. ನನ್ನ ಕೈಚಳಕದ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ನಾನು ಕೊಯ್ದ ಗಾಜು ಹಾಕಿಸಿಕೊಂಡವರ ಕಿಟಕಿಯಲ್ಲಿ ಇವತ್ತಿಗೂ ಗಾಳಿ ಶಿಳ್ಳೆ ಹೊಡೆಯುತ್ತದೆ.

ಅಕ್ಕನೇ ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನಸ್ಸಿನ ಡಾಕ್ಟರು ಎಲ್ಲ ಕೇಳಿ, ಒಂದು ಮಾತ್ರೆ ಬರೆದು, ಅದರ ಜೊತೆಗೆ ವಾರಕ್ಕೆರಡು ದಿನ ಹಿಂದಿನ ಕಟ್ಟಡದಲ್ಲಿ ಒಬ್ಬರು ಮೇಡಂ ಹತ್ತಿರ, ಸರ್ಕಸ್ಸಿನವರ ಹಾಗೆ ಎರಡು ಮೂರು ಚೆಂಡು ಒಟ್ಟಿಗೆ ಎಸೆದು ಹಿಡಿಯುವ ಆಟ ಕಲಿಯಿರಿ ಅಂದರಂತೆ. ಭಾವ ಮನೆಗೆ ಬಂದು, ನನಗೆ ತಲೆ ಕೆಟ್ಟಿದೆಯೋ ಡಾಕ್ಟರಿಗೆ ಕೆಟ್ಟಿದೆಯೋ ಗೊತ್ತಾಗುತ್ತಿಲ್ಲ ಅಂದರು. ಅಕ್ಕ ನನ್ನ ಕಡೆ ತಿರುಗಿ, ನೀನೂ ಜೊತೆಗೆ ಹೋಗು, ಒಬ್ಬರನ್ನೇ ಬಿಟ್ಟರೆ ದಾರಿಯಲ್ಲೇ ವಾಪಸ್ ಬರುತ್ತಾರೆ ಅಂತ ಅಪ್ಪಣೆ ಮಾಡಿದಳು. ಹೀಗೆ ನನಗಿಲ್ಲದ ಕಾಯಿಲೆಗೆ ನಾನೂ ಚಿಕಿತ್ಸೆಗೆ ಹೊರಟೆ.

ಅದು ವ್ಯಾಯಾಮ ಮಾಡಿಸುವ ಕೋಣೆ. ನೆಲಕ್ಕೆ ರಬ್ಬರ್ ಚಾಪೆ, ಗೋಡೆಗೆ ಸುಣ್ಣ, ಮೂಲೆಯಲ್ಲೊಂದು ಬುಟ್ಟಿ ತುಂಬ ಬಣ್ಣದ ಕರವಸ್ತ್ರ ಮತ್ತು ಚೆಂಡು. ಮೇಡಂ ಅಕ್ಕನ ಮಗಳ ವಯಸ್ಸಿನವರು. ನಮ್ಮ ಹಾಗೇ ಬಂದಿದ್ದವರಲ್ಲಿ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ ಇದ್ದರು. ಲಿಫ್ಟ್ ಕಂಡರೆ ಅವರಿಗೆ ಉಸಿರು ಕಟ್ಟುತ್ತಿತ್ತು, ಕರವಸ್ತ್ರ ಕೆಳಗೆ ಬಿದ್ದರೆ ಅದಕ್ಕೇ ಸಾರಿ ಕೇಳುತ್ತಿದ್ದರು. ಮೇಡಂ ಹೇಳಿದ್ದು ಸರಳ. ಹೆದರಿದ ಮನಸ್ಸಿಗೆ ಹೆದರಬೇಡ ಅಂದರೆ ಕೇಳುವುದಿಲ್ಲ, ಆದರೆ ಕೈಗೂ ಕಣ್ಣಿಗೂ ಒಂದು ಆಟ ಕೊಟ್ಟರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಬಿದ್ದರೆ ಬೀಳಲಿ, ಎತ್ತಿಕೊಂಡು ಮತ್ತೆ ಎಸೆಯಿರಿ. ಇಲ್ಲಿ ಮಾರ್ಕ್ಸ್ ಇಲ್ಲ ಅಂತ ಹೆಡ್‌ಮಿಸ್ಟ್ರೆಸ್ ಕಡೆ ನೋಡಿ ಹೇಳಿದರು.

ಮೊದಲು ಭಾವನ ಕಡೆ ಒಂದು ಕರವಸ್ತ್ರ ಎಸೆದರು. ಅದು ಗಾಳಿಯಲ್ಲಿ ತೇಲಿಕೊಂಡು, ಹಿಡಿ ಹಿಡಿ ಅನ್ನುತ್ತ ಇಳಿಯಿತು. ಭಾವ ಎರಡೂ ಕೈ ಎತ್ತಿ ಹಿಂದೆ ಸರಿದರು. ಇನ್ನೊಂದು ಎಸೆದರು, ಭಾವ ಇನ್ನಷ್ಟು ಹಿಂದೆ ಸರಿದರು. ಅದನ್ನು ನೋಡಿ ಇದೇ ಆಟದ ಕ್ರಮ ಇರಬೇಕು ಅಂತ ಹೆಡ್‌ಮಿಸ್ಟ್ರೆಸ್ ಕೂಡ ಕೈ ಎತ್ತಿ ಹಿಂದೆ ಸರಿದರು. ನನ್ನ ಕೈ ಯಾವಾಗ ಮೇಲೆ ಹೋಗಿತ್ತೋ ನನಗೇ ಗೊತ್ತಿಲ್ಲ. ಇವರಿಗೆ ಕರವಸ್ತ್ರ ಕಂಡರೂ ಭಯವಾ ಅಂತ ಮೇಡಂ ನನ್ನನ್ನು ಮೆಲ್ಲಗೆ ಕೇಳಿದರು. ನಾನು ಗಾಜಿನ ಅಂಗಡಿಯ ಪಾಠ, ಚಮಚದ ಏಟು, ಬಟ್ಟೆ ಅಂಗಡಿಯಲ್ಲಿ ಆದದ್ದು, ಎಲ್ಲ ಹೇಳಿದೆ.

ನಾನು ಹೇಳುವಾಗ ಭಾವ ಚಾಪೆ ನೋಡುತ್ತ ನಿಂತಿದ್ದರು. ನಾನು ಮುಗಿಸಿದ ಮೇಲೆ ಬಾಯಿ ಬಿಟ್ಟರು.

"ಇವನು ಎಲ್ಲ ಹೇಳಿದ, ಒಂದು ಬಿಟ್ಟ. ಅವಳು ಕೈಗೆ ಎಟುಕೋ ಹಾಗೆ ನಿಂತಿದ್ಲು, ಮೇಡಂ. ನಾನು ಕೈ ಎತ್ಕೊಂಡು ಹಿಂದೆ ಸರಿದೆ. ಹಿಂದೆ ಮಗಳು ಬಿದ್ದಾಗ್ಲೂ ಸರಿದಿದ್ದೆ. ನನ್ನ ಕೈ ಯಾರನ್ನೂ ಹಿಡಿಯಲ್ಲ."

ಅಕ್ಕನಿಗೆ ಅಂಗಡಿಗೆ ಬರಬೇಡ ಅಂದದ್ದು ಗಾಜಿನ ಭಯಕ್ಕಲ್ಲ, ತಮ್ಮ ಕೈಯ ಮೇಲಿನ ಭಯಕ್ಕೆ ಅಂತ ನನಗೆ ಆವತ್ತು ತಿಳಿಯಿತು. ಇಷ್ಟು ವರ್ಷ ಮಗಳ ಆ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಮೇಡಂ ಸಮಾಧಾನದ ಮಾತು ಹೇಳಲಿಲ್ಲ, ಅದು ನನಗೆ ಹಿಡಿಸಿತು.

"ನೋಡಿ ಸರ್, ಈ ಆಟದಲ್ಲಿ ಎಲ್ರಿಗೂ ಕಷ್ಟ ಆಗೋದು ಬಿಡೋದು. ಹಿಡ್ಕೊಂಡ ಚೆಂಡನ್ನ ಬಿಡೋಕೇ ಮನಸ್ಸು ಬರಲ್ಲ. ನಿಮಗೆ ಆ ಅರ್ಧ ಬಂದಿದೆ. ಇನ್ನರ್ಧ ಕಲೀರಿ."

ಭಾವನನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿದರು, ಹಿಂದೆ ಸರಿಯಲು ಜಾಗವೇ ಇಲ್ಲದ ಹಾಗೆ. ಅಲ್ಲಿಂದ ಶುರು. ಮೊದಲು ಕರವಸ್ತ್ರ, ಆಮೇಲೆ ಒಂದು ಚೆಂಡು, ಆಮೇಲೆ ಎರಡು. ಕ್ಲಾಸು ಮುಗಿಸಿ ಬರುವಾಗ ಭಾವನ ಅಂಗಿಯ ಬೆನ್ನು ಪೂರ್ತಿ ಸುಣ್ಣವಾಗಿರುತ್ತಿತ್ತು. ಬೀದಿಯ ಕ್ಷೌರದವನು, ಏನು ಸ್ವಾಮಿ, ಆಸ್ಪತ್ರೆಗೆ ಬಣ್ಣ ಹೊಡೆಯೋ ಕೆಲಸ ಹಿಡಿದಿದ್ದೀರಾ ಅಂತ ಕೇಳಿದ. ಭಾವ ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಅಕ್ಕ ಹಳೇ ಬಟ್ಟೆಯಲ್ಲಿ ಅಕ್ಕಿ ತುಂಬಿ ಅಂಗೈಯಗಲದ ಮೂರು ಚೀಲಗಳನ್ನು ಹೊಲಿದು ಕೊಟ್ಟಳು. ಬಿದ್ದರೆ ಸದ್ದಾಗದಿರಲಿ, ಬಗ್ಗಿ ಎತ್ತುವ ಶ್ರಮವೂ ಬೇಡ ಅಂತ ಭಾವ ಮಂಚದ ಮುಂದೆ ನಿಂತು ಎಸೆಯುತ್ತಿದ್ದರು. ಅವು ಮಂಚವೊಂದನ್ನು ಬಿಟ್ಟು ಇನ್ನೆಲ್ಲ ಕಡೆ ಬೀಳುತ್ತಿದ್ದವು. ಒಂದು ಬೀರುವಿನ ಹಿಂದೆ ಹೋಗಿ ಸೇರಿಕೊಂಡಿತು. ಇನ್ನೊಂದರ ಹೊಲಿಗೆ ಬಿಚ್ಚಿ ಹಾಸಿಗೆ ತುಂಬ ಅಕ್ಕಿಯಾಯಿತು. ಅಕ್ಕ ಬೈದುಕೊಂಡು ಆರಿಸಿದಳು. ಒಂದು ಸಂಜೆ ನಾನು ಹೋದಾಗ ಭಾವ ಬಚ್ಚಲಲ್ಲಿದ್ದರು. ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ, ಒಲೆಯ ಮೇಲಿನ ಹಾಲಿನ ಮೇಲೆ ಕಣ್ಣಿಟ್ಟುಕೊಂಡು, ಮೂರು ಚೀಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡಿಸುತ್ತಿದ್ದಳು. ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡು, ನಿಮ್ಮ ಭಾವನಿಗೆ ಹೇಳಿದರೆ ಜೋಕೆ ಅಂದಳು. ನಾನು ಹೇಳಲಿಲ್ಲ. ಗಂಡಸರ ಮರ್ಯಾದೆ ಗಂಡಸರೇ ಕಾಯಬೇಕು.

ಎರಡು ತಿಂಗಳಾಗುವ ಹೊತ್ತಿಗೆ ಭಾವನಿಗೆ ಮೂರು ಚೆಂಡು ಬಂತು. ನಿದ್ದೆಯೂ ಬರುತ್ತಿತ್ತು. ಮೂರು ಚೆಂಡು ಗಾಳಿಯಲ್ಲಿರುವಾಗ ನಾಲ್ಕನೆಯದಾಗಿ ಚಿಂತೆ ಇಟ್ಟುಕೊಳ್ಳಲು ಕೈಯಲ್ಲಿ ಜಾಗವಿಲ್ಲ ಅನ್ನುತ್ತಿದ್ದರು. ಎದೆ ಬಡಿದುಕೊಳ್ಳಲು ಶುರುವಾದರೆ ಜೇಬಿನಿಂದ ಚೀಲ ತೆಗೆದು ಎಲ್ಲೆಂದರಲ್ಲಿ ಆಡಲು ನಿಲ್ಲುವುದು, ಬಸ್ ಸ್ಟಾಪಿನಲ್ಲೂ. ನಾನು ಪರಿಚಯವೇ ಇಲ್ಲದವನ ಹಾಗೆ ಆಚೆ ಹೋಗಿ ನಿಲ್ಲುತ್ತಿದ್ದೆ. ಇನ್ನೇನು, ಕಟರ್ ಹಿಡಿಯುತ್ತಾರೆ, ನನ್ನ ಗ್ರಹಚಾರ ಬಿಡುತ್ತದೆ ಅಂದುಕೊಂಡೆ.

ಅಷ್ಟರಲ್ಲಿ ಇನ್ನೊಂದು ಫಜೀತಿ. ಅಂಗಡಿಯಲ್ಲಿ ಮೇಜಿನ ಮೇಲಿದ್ದ ಮರದ ಸ್ಕೇಲು ನನ್ನ ಮೊಣಕೈ ತಾಗಿ ಜಾರಿತು. ನಾನು ಕೈ ಎತ್ತಿ ಹಿಂದೆ ಸರಿದೆ. ಭಾವನ ಕೈ ಟಕ್ಕನೆ ಮುಂದೆ ಹೋಗಿ ಅದನ್ನು ಗಾಳಿಯಲ್ಲೇ ಹಿಡಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ಕೇಲಿನ ಬದಲು ಅದು ಗಾಜಾಗಿದ್ದರೆ ಆ ಕೈಯ ಗತಿಯೇನು ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಭಾವನ ಮುಖ ಬಿಳಿಚಿಕೊಂಡಿತು. ಮೊದಲು ಹಿಡಿಯದ ಕೈ ಅಂತ ಗಾಜು ಮುಟ್ಟುತ್ತಿರಲಿಲ್ಲ, ಈಗ ಹಿಡಿಯುವ ಕೈ ಅಂತ ಮುಟ್ಟುವ ಹಾಗಿಲ್ಲ. ನನಗೆ ಮೈ ಉರಿದುಹೋಯಿತು. ಡಾಕ್ಟರು, ಮೇಡಂ, ಅಕ್ಕ, ಎಲ್ಲರನ್ನೂ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಮೇಡಂ ಮಾತ್ರ ವಿಷಯ ಕೇಳಿ ಖುಷಿಪಟ್ಟರು. ಬುಟ್ಟಿಯಿಂದ ಕೆಂಪು ಚೆಂಡುಗಳನ್ನೂ ಹಳದಿ ಚೆಂಡುಗಳನ್ನೂ ಆರಿಸಿ, ಹೊಸ ಆಟ ಹೇಳಿಕೊಟ್ಟರು. ಕೆಂಪು ಬಂದರೆ ಹಿಡಿಯಬೇಕು, ಹಳದಿ ಬಂದರೆ ಕೈ ಎತ್ತಿ ಬಿಟ್ಟುಬಿಡಬೇಕು. ಯಾವುದು ಬರುತ್ತದೆ ಅಂತ ಮೊದಲೇ ಹೇಳುವುದಿಲ್ಲ. ಮೊದಲ ದಿನ ಭಾವ ಹಳದಿಯನ್ನೆಲ್ಲ ಹಿಡಿದು ಕೆಂಪನ್ನೆಲ್ಲ ಬಿಟ್ಟರು. ಹೆಡ್‌ಮಿಸ್ಟ್ರೆಸ್ ಬಾಯಿಂದ, ತಪ್ಪು, ಮತ್ತೆ ಬರಿ ಅಂತ ಬಂದೇಬಿಟ್ಟಿತು. ಭಾವ ನಕ್ಕರು. ಎಷ್ಟೋ ದಿನದ ಮೇಲೆ ನಾನು ಕಂಡ ನಗು ಅದು, ಈ ಸಲ ಒಳಗಿನದೇ.

ಅಕ್ಕ ಮನೆಯಲ್ಲಿ ಕೆಂಪು ಬಟ್ಟೆಯಲ್ಲಿ ಒಂದಷ್ಟು, ಹಳದಿ ಬಟ್ಟೆಯಲ್ಲಿ ಒಂದಷ್ಟು ಚೀಲ ಹೊಲಿದಳು. ಆಮೇಲೆ ಭಾವನಿಗೆ ಮನೆಯಲ್ಲಿ ನೆಮ್ಮದಿಯಿಲ್ಲ. ಪೇಪರ್ ಓದುವಾಗ ಅಡುಗೆಮನೆಯಿಂದ ಒಂದು ಬರುತ್ತಿತ್ತು. ಹಲ್ಲುಜ್ಜುವಾಗ ಬಾಗಿಲ ಹಿಂದಿನಿಂದ ಒಂದು ಬರುತ್ತಿತ್ತು. ಅಂಗಡಿಗೆ ಬಿಟ್ಟುಕೊಳ್ಳದ ಸಿಟ್ಟನ್ನೆಲ್ಲ ಅಕ್ಕ ಆ ಚೀಲಗಳಲ್ಲಿ ತುಂಬಿ ಎಸೆಯುತ್ತಿದ್ದಳು ಅಂತ ನನ್ನ ಗುಮಾನಿ, ಗುರಿಯೂ ಅಷ್ಟು ಚೆನ್ನಾಗಿತ್ತು. ಭಾವ ಕೆಂಪು ಹಿಡಿಯುತ್ತಿದ್ದರು, ಹಳದಿ ಬಿಡುತ್ತಿದ್ದರು. ದಿನ ಕಳೆದ ಹಾಗೆ ಪೇಪರಿನಿಂದ ಕಣ್ಣು ಕೀಳದೆ ಮಾಡತೊಡಗಿದರು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಭಾವ ನನ್ನ ಕೈಯಿಂದ ಕಟರ್ ಕಿತ್ತುಕೊಂಡರು. ನಾನು ಫೋಟೋಗೆ ಹಾಕುವ ಒಂದು ಗಾಜನ್ನು ಹಾಳು ಮಾಡಿ ಇನ್ನೊಂದಕ್ಕೆ ಕೈ ಹಾಕಿದ್ದೆ. ಅವರಿಗೆ ನೋಡಲಾಗಲಿಲ್ಲವೇನೋ. ಸೀಮೆಎಣ್ಣೆಯಲ್ಲಿ ಅದ್ದಿದರು, ಸ್ಕೇಲು ಇಟ್ಟರು, ಎಳೆದರು. ಸರ್ರನೆ ಸದ್ದು ಬಂತು. ನಾನು ಏನೂ ಅನ್ನಲಿಲ್ಲ, ಅಂದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಅಂತ. ಆವತ್ತಿನಿಂದ ಚಿಕ್ಕ ಗಾಜು, ಆಮೇಲೆ ಕಿಟಕಿ ಗಾಜು, ಒಂದೊಂದಾಗಿ ಕೆಲಸ ಮೇಜಿಗೆ ವಾಪಸ್ ಬಂತು.

ಸ್ಟೂಲು ಮಾತ್ರ ಖಾಲಿಯೇ ಇತ್ತು. ಅಕ್ಕ ಕೇಳಿದಾಗಲೆಲ್ಲ, ಇನ್ನೂ ಸ್ವಲ್ಪ ದಿನ ಹೋಗಲಿ ಅನ್ನುತ್ತಿದ್ದರು. ಆ ಸ್ವಲ್ಪ ದಿನ ಹನುಮಂತನ ಬಾಲವಾಯಿತು. ಒಂದು ಮಧ್ಯಾಹ್ನ ಅಕ್ಕ ತಾನೇ ಡಬ್ಬಿ ಮತ್ತು ಟೀ ಫ್ಲಾಸ್ಕ್ ಹಿಡಿದು ಬಂದು ಅಂಗಡಿಯ ಹೊಸ್ತಿಲ ಹೊರಗೆ ನಿಂತಳು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು.

"ಒಳಗೆ ಬರ್ಲಾ, ಹೀಗೇ ಹೋಗ್ಲಾ? ಒಂದು ಮಾತು ಹೇಳಿಬಿಡಿ. ಇನ್ನೊಂದು ಸಲ ಕೇಳಲ್ಲ."

ಭಾವ ಕಟರ್ ಇಳಿಸಿದರು. ಅವರು ಅವಳ ಮುಖ ನೋಡಿದರು, ಚಪ್ಪಲಿ ನೋಡಿದರು, ತಮ್ಮ ಅಂಗೈ ನೋಡಿಕೊಂಡರು.

"ಬಾ," ಅಂದರು.

ಅಕ್ಕ ಬಂದು ಮೊದಲು ಸ್ಟೂಲಿನ ಧೂಳು ಒರೆಸಿ, ಅದಕ್ಕೂ ನನ್ನನ್ನೇ ಬೈದು ಕೂತಳು. ಹಳೇ ಪೇಪರ್ ಉಂಡೆ ಮಾಡಿ ಕನ್ನಡಿಗೆ ಕೈ ಹಾಕಿದಳು. ಊಟವಾಯಿತು, ಕೆಲಸ ಮುಂದುವರಿಯಿತು. ಭಾವ ಆವತ್ತು ಮೇಜಿಗಿಂತ ಹೆಚ್ಚು ಸ್ಟೂಲಿನ ಕಡೆ ನೋಡುತ್ತಿದ್ದರು, ಒಂದೆರಡು ಸಲ ಜೇಬಿಗೆ ಕೈ ಹಾಕಿ ಚೀಲ ಮುಟ್ಟಿ ನೋಡಿಕೊಂಡರು. ಸಂಜೆ ಅಕ್ಕ ಎದ್ದು ಟೀ ಬಗ್ಗಿಸಿಕೊಂಡು, ಸ್ಟ್ಯಾಂಡಿನ ಮುಂದೆ ಭಾವನ ಪಕ್ಕ ಬಂದು, ತಗೊಳ್ಳಿ ಅಂತ ಲೋಟ ಚಾಚಿದಳು.

ಸ್ಟ್ಯಾಂಡಿನಲ್ಲಿ ಗಾಜಿನ ಬುಡಕ್ಕೆ ತಡೆಯಾಗಿ ಇಟ್ಟಿದ್ದ ಮರದ ತುಂಡು ಜರುಗಿತು. ಮುಂದಿದ್ದ ಗಾಜಿನ ಕಾಲು ಜಾರಿ, ತಲೆ ಇಬ್ಬರ ಕಡೆ ಬಾಗಿತು. ನಾನು ಮೇಜಿನ ಆಚೆ ಇದ್ದೆ, ಕೂಗಲು ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಹಿಂದೆ ಸರಿದರು, ಯಾವಾಗಲಿನ ಹಾಗೆಯೇ. ಬಲಗೈ ಮೇಲೆ ಹೋಗಿತ್ತು, ಯಾವಾಗಲಿನ ಹಾಗೆಯೇ. ಎಡಗೈ ಮಾತ್ರ ಮೇಲೆ ಹೋಗಲಿಲ್ಲ. ಅದು ಅಕ್ಕನ ತೋಳು ಹಿಡಿದು ಅವಳನ್ನೂ ಜೊತೆಗೆ ಎಳೆದುಕೊಂಡು ಬಂದಿತ್ತು. ಅವರಿಬ್ಬರೂ ನಿಂತಿದ್ದ ಜಾಗದಲ್ಲಿ ಗಾಜು ಬಿದ್ದು ಪುಡಿಪುಡಿಯಾಯಿತು.

ಲೋಟ ಅಕ್ಕನ ಕೈಯಲ್ಲೇ ಇತ್ತು, ಟೀ ಪೂರ್ತಿ ಭಾವನ ಪ್ಯಾಂಟಿನ ಮೇಲಿತ್ತು. ಅಕ್ಕ ಕೆಳಗೆ ನೋಡಿದಳು, ಕಾಲು ನೋಡಿಕೊಂಡಳು, ಆಮೇಲೆ ತನ್ನ ತೋಳು ಹಿಡಿದಿದ್ದ ಕೈ ನೋಡಿದಳು.

"ರೀ, ತೋಳು ನೋಯ್ತಿದೆ."

"ಕೆಂಪು," ಅಂದರು ಭಾವ. ಅಷ್ಟೇ. ಕೈ ಮಾತ್ರ ಬಿಡಲಿಲ್ಲ.

ಭಾವ, ಗಾಜು ಬಿದ್ದು ಆಯಿತು, ಇನ್ನು ಬಿಡಬಹುದು ಅಂತ ತಮಾಷೆ ಮಾಡಲು ನೋಡಿದೆ. ನನಗೇ ನಗು ಬರಲಿಲ್ಲ. ಹಾಗಾಗಿ ಪೊರಕೆ ಹುಡುಕುವ ನೆಪದಲ್ಲಿ ಬಾಗಿಲ ಕಡೆ ಹೋದೆ. ಬೆನ್ನ ಹಿಂದೆ ಅಕ್ಕ ಲೋಟ ಕೆಳಗಿಟ್ಟು ಫೋನ್ ಒತ್ತುವ ಸದ್ದು ಕೇಳಿಸಿತು, ಒಂದೇ ಕೈಯಲ್ಲಿ ಒತ್ತುತ್ತಿದ್ದಳು, ಇನ್ನೊಂದು ಇನ್ನೂ ಬಿಡುಗಡೆಯಾಗಿರಲಿಲ್ಲ. ಆ ಕಡೆ ಮಗಳು ಎತ್ತಿರಬೇಕು.

"ನಿಮ್ಮಪ್ಪ ಇವತ್ತು ಹಿಡಿದ್ರು ಕಣೇ," ಅಂದಳು ಅಕ್ಕ.

ಆಮೇಲೆ ಫೋನನ್ನು ಭಾವನ ಕಿವಿಗೆ ಹಿಡಿದಳು. ಮಗಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಭಾವ ಹೂಂ, ಹೂಂ ಅನ್ನುತ್ತ ಬಹಳ ಹೊತ್ತು ನಿಂತಿದ್ದರು, ನಾನು ಅವರ ಕಾಲಿನ ಸುತ್ತ ಗಾಜು ಗುಡಿಸಿದೆ.